ಸಬೂಬು ಕೇಳದ ಡಿವಿಡಿ

ಮುಂಬಯಿಯಲ್ಲಿ ಕಂಪ್ಯೂಟರ್ ಭದ್ರತೆಯ ಪರೀಕ್ಷೆ ಮಾಡುವವರಿಗೆ ಕೆಲವು ವರ್ಷಗಳ ಹಿಂದೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ತಾಂತ್ರಿಕವಾದದ್ದೇ ಅಲ್ಲ. ಫೋರ್ಟ್‌ನ ಹಳೆಯ ಕಟ್ಟಡದ ಕಚೇರಿಯಿರಲಿ, ಅಂಧೇರಿಯ ಸೀಪ್ಜ್ ರಫ್ತು ವಲಯವಿರಲಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಗೋಪುರವಿರಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಬ್ಯಾಕ್‌ಟ್ರ್ಯಾಕ್‌ನದೋ ಕಾಲಿ ಲಿನಕ್ಸ್‌ನದೋ ಡ್ರ್ಯಾಗನ್ ಕಾಣಿಸಿಕೊಂಡರೆ ಸಾಕು, 'ಇದನ್ನೆಲ್ಲ ಇಟ್ಟುಕೊಳ್ಳುವುದೇ ಅಪರಾಧವಲ್ಲವೇ?' ಎಂಬ ಮಾತು ಬರುತ್ತಿತ್ತು. ಕೇಳುವವರದು ತಪ್ಪೆನ್ನಲಾಗದು. ಬೀಗ ಒಡೆಯುವ ಸಾಮಾನನ್ನೆಲ್ಲ ಒಂದೇ ಕಡೆ ಜೋಡಿಸಿ, ಡಿವಿಡಿಯ ರೂಪದಲ್ಲಿ ಬಿಟ್ಟಿಯಾಗಿ ಹಂಚುವ ಆಪರೇಟಿಂಗ್ ಸಿಸ್ಟಮ್ ಅದು. ಆದರೆ ಆ ಪ್ರಶ್ನೆಯನ್ನು ಇಷ್ಟು ವರ್ಷ ಹೊರಳಿಸಿ ನೋಡಿದ ಮೇಲೆ ನನಗೆ ಅನ್ನಿಸುವುದೇ ಬೇರೆ. ಈ ಡಿವಿಡಿ ದಾಳಿಕೋರರಿಗೆ ಕೊಟ್ಟದ್ದು ಕಡಿಮೆ, ಕಚೇರಿಗಳ ಕೈಯಿಂದ ಕಿತ್ತುಕೊಂಡದ್ದು ಹೆಚ್ಚು. ಕಿತ್ತುಕೊಂಡದ್ದು ಸಬೂಬುಗಳನ್ನು. 'ನಮ್ಮಂಥವರ ಮೇಲೆ ಯಾರು ಕಣ್ಣು ಹಾಕುತ್ತಾರೆ', 'ಅಂಥ ಬುದ್ಧಿವಂತರು ಬಂದರೆ ಯಾರು ತಾನೇ ತಡೆದಾರು', 'ಅದೆಲ್ಲ ಪುಸ್ತಕದ ಭಯ, ಎಲ್ಲಿ ಮಾಡಿ ತೋರಿಸಿ' ಎನ್ನುವ ಮಾತುಗಳು ಈ ಊರಿನ ದೊಡ್ಡ ದೊಡ್ಡ ಮೇಜುಗಳ ಹಿಂದಿನಿಂದ ಎಷ್ಟೋ ಕಾಲ ಸಲೀಸಾಗಿ ಬರುತ್ತಿದ್ದವು. ಯಾರು ಬೇಕಾದರೂ ಮಾಡಿ ತೋರಿಸಬಹುದಾದ ದಿನ ಬಂದಾಗ ಅವು ನಿಂತವು ಎನ್ನಲಾರೆ, ಅವುಗಳ ಧ್ವನಿಯಂತೂ ತಗ್ಗಿತು.

ಕಾಲಿ ಲಿನಕ್ಸ್ ಬಿಡುಗಡೆಯಾದದ್ದು 2013ರ ಮಾರ್ಚ್ 13ರಂದು. ಅದಕ್ಕೂ ಹಿಂದಿನ ಏಳು ವರ್ಷ ಆ ಜಾಗದಲ್ಲಿದ್ದದ್ದು ಬ್ಯಾಕ್‌ಟ್ರ್ಯಾಕ್. ಮೊದಲೇ ಇದ್ದ ಎರಡು ಲಿನಕ್ಸ್ ಸಂಗ್ರಹಗಳನ್ನು ಕೂಡಿಸಿ 2006ರಲ್ಲಿ ಮಾಡಿದ್ದು. ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಮುಟ್ಟದೆ ಡಿವಿಡಿಯಿಂದಲೇ ಅದು ಏಳುತ್ತಿತ್ತು. ಕಪ್ಪು ಪರದೆಯಲ್ಲಿ ಅಕ್ಷರಗಳು ಸರಸರನೆ ಹರಿದು ನಿಂತ ಮೇಲೆ ಲಾಗಿನ್‌ಗೆ ರೂಟ್ ಎಂದೂ ಪಾಸ್‌ವರ್ಡಿಗೆ ಅದನ್ನೇ ತಿರುಗುಮುರುಗು ಮಾಡಿದ ಟೂರ್ ಎಂದೂ ಹೊಡೆಯಬೇಕು. ಸ್ಟಾರ್ಟ್‌ಎಕ್ಸ್ ಎಂದರೆ ಡೆಸ್ಕ್‌ಟಾಪ್ ಬರುತ್ತದೆ. ಇಡೀ ಜಗತ್ತಿಗೆ ಗೊತ್ತಿರುವ ಪಾಸ್‌ವರ್ಡ್ ಇಟ್ಟುಕೊಂಡು ಬೇರೆಯವರ ಪಾಸ್‌ವರ್ಡಿನ ದೌರ್ಬಲ್ಯ ಹುಡುಕಲು ಹೊರಡುವುದರಲ್ಲಿ ತಮಾಷೆಯಿತ್ತು. 2020ರ ಮೊದಲ ಆವೃತ್ತಿಯಲ್ಲಿ ಕಾಲಿ ಸದಾ ಪೂರ್ಣಾಧಿಕಾರದ ರೂಟ್ ಖಾತೆಯಲ್ಲೇ ಕೆಲಸ ಮಾಡುವ ಆ ಪದ್ಧತಿಯನ್ನು ಕೈಬಿಟ್ಟಿತು. ಬ್ಯಾಕ್‌ಟ್ರ್ಯಾಕ್ ಒಳಗಿದ್ದ ಸಲಕರಣೆಗಳಲ್ಲಿ ಹೊಸದು ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಯಾವ ಯಂತ್ರದ ಯಾವ ಪೋರ್ಟ್ ತೆರೆದಿದೆ ಎಂದು ನೋಡುವ ಎನ್‌ಮ್ಯಾಪ್ 1997ರದು. ನೆಟ್‌ವರ್ಕಿನಲ್ಲಿ ಹರಿಯುವುದನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ 1998ರಿಂದ ಈಥರೀಲ್ ಎಂಬ ಹೆಸರಿನಲ್ಲಿ ಇತ್ತು. ಕಂಡ ದೋಷವನ್ನು ಬಳಸಿ ಒಳಹೊಕ್ಕು ನೋಡುವ ಮೆಟಾಸ್ಪ್ಲಾಯ್ಟ್ 2003ರದು. ಇವನ್ನೆಲ್ಲ ಬಿಡಿಬಿಡಿಯಾಗಿ ಇಳಿಸಿಕೊಂಡು, ಒಂದಕ್ಕೊಂದು ಹೊಂದಿಸಿ, ವೈಫೈ ಕಾರ್ಡಿನ ಡ್ರೈವರ್ ಸರಿಮಾಡಿಕೊಳ್ಳುವಷ್ಟರಲ್ಲಿ ಒಂದು ವಾರ ಹಾರಿಹೋಗುತ್ತಿತ್ತು. ಬ್ಯಾಕ್‌ಟ್ರ್ಯಾಕ್ ಉಳಿಸಿದ್ದು ಆ ವಾರವನ್ನು. ಇನ್ನು ಬೇಕಿದ್ದದ್ದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸಿಗುವ, ಆಂಟೆನಾ ಉದ್ದವಿರುವ ಯುಎಸ್‌ಬಿ ವೈಫೈ ಅಡಾಪ್ಟರ್ ಮಾತ್ರ. ಅದೂ ಎಲ್ಲ ಚಿಪ್ಪಿನದು ಆಗುವುದಿಲ್ಲ, ಸುತ್ತಲಿನ ವೈಫೈ ಮಾತನ್ನೆಲ್ಲ ಕೇಳಿಸಿಕೊಳ್ಳುವ ಮಾನಿಟರ್ ಮೋಡಿಗೆ ಬರುವಂಥದ್ದೇ ಆಗಬೇಕು. ಆಲ್ಫಾ ಕಂಪನಿಯ, ರಿಯಲ್‌ಟೆಕ್ 8187 ಚಿಪ್ಪಿನ ಅಡಾಪ್ಟರಿಗೆ ಈ ಕೆಲಸದವರಲ್ಲಿ ಒಂದು ಬಗೆಯ ಭಕ್ತಿಯೇ ಇತ್ತು.

ಜೋಡಿಸಿ ಕೊಟ್ಟದ್ದೇ ಅಪಾಯ ಎನ್ನುವ ವಾದ ಕಾಲಿಗಿಂತ ಹಳೆಯದು. 1995ರ ಏಪ್ರಿಲ್‌ನಲ್ಲಿ ಡ್ಯಾನ್ ಫಾರ್ಮರ್ ಮತ್ತು ವೀಟ್ಸ ವೆನೆಮಾ ಎಂಬಿಬ್ಬರು ಸೇಟನ್ ಎಂಬ ಪರೀಕ್ಷಾ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ ಅಮೆರಿಕದಲ್ಲಿ ಪ್ರಳಯವೇ ಬಂತೆಂಬಂತೆ ಬರೆದರು; ಫಾರ್ಮರ್ ತನ್ನ ಕೆಲಸವನ್ನೇ ಕಳೆದುಕೊಂಡ. ಪ್ರಳಯ ಬರಲಿಲ್ಲ. ನಮ್ಮ ಊರಿನದೇ ಸಾಕ್ಷಿ ಬೇಕೆಂದರೆ ಟ್ರಾಂಬೆ ಇದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ನಡೆಯಿತು. ಜೂನ್ ಮೊದಲ ವಾರದಲ್ಲಿ ಮಿಲ್‌ವರ್ಮ್ ಎಂಬ ಹೆಸರಿನ, ಬೇರೆ ಬೇರೆ ದೇಶಗಳ ಹದಿಹರೆಯದ ಹುಡುಗರ ಗುಂಪು ಭಾಭಾ ಅಣು ಸಂಶೋಧನಾ ಕೇಂದ್ರದ ಸರ್ವರುಗಳಿಗೆ ನುಗ್ಗಿ, ಇಮೇಲುಗಳನ್ನು ಎತ್ತಿಕೊಂಡು, ವೆಬ್ ಪುಟದ ಮೇಲೆ ಅಣಬೆ ಮೋಡದ ಚಿತ್ರ ಅಂಟಿಸಿ ಹೋಯಿತು. ದೇಶದ ಅತ್ಯಂತ ಕಾವಲಿನ ಆವರಣಗಳಲ್ಲಿ ಒಂದು ಅದು. ಟ್ರಾಂಬೆಯ ಆ ಗೇಟಿನೊಳಗೆ ಪರಿಚಯಪತ್ರ ಇಲ್ಲದೆ ಸೈಕಲ್ಲೂ ಹೋಗುವುದಿಲ್ಲ. ಆಗ ಬ್ಯಾಕ್‌ಟ್ರ್ಯಾಕ್ ಹುಟ್ಟಲು ಇನ್ನೂ ಎಂಟು ವರ್ಷವಿತ್ತು. ಎನ್‌ಮ್ಯಾಪ್, ಪಾಸ್‌ವರ್ಡ್ ಊಹಿಸುವ ಜಾನ್ ದ ರಿಪ್ಪರ್ ಮುಂತಾದವು ಬಿಡಿಯಾಗಿ ಆಗಲೇ ಅಂತರ್ಜಾಲದಲ್ಲಿ ಓಡಾಡುತ್ತಿದ್ದವು. ದಾಳಿ ಮಾಡಬೇಕೆಂದು ಕೂತವನಿಗೆ ವಾರವೇನು, ತಿಂಗಳಾದರೂ ಹೊತ್ತಿರುತ್ತದೆ. ಅವನಿಗೆ ಕಟ್ಟಿಟ್ಟ ಸಾಮಾನು ಬೇಕೇ ಬೇಕೆಂದಿಲ್ಲ. ಹೊತ್ತಿಲ್ಲದವನು ಇನ್ನೊಂದು ಬದಿಯವನು: ಹತ್ತು ಕೆಲಸಗಳ ನಡುವೆ ಸರ್ವರನ್ನೂ ನೋಡಿಕೊಳ್ಳಬೇಕಾದ, ಕಳವಾಗುವ ಮೊದಲೇ ಕಳ್ಳನಂತೆ ಯೋಚಿಸಬೇಕಾದ ನೌಕರ. ಬ್ಯಾಕ್‌ಟ್ರ್ಯಾಕ್ ಉಳಿಸಿದ ಆ ವಾರ ಬೇಕಾಗಿದ್ದದ್ದು ಅವನಿಗೆ.

ದೋಷ ಸಲಕರಣೆಯದಲ್ಲ, ತೆರೆದಿಟ್ಟ ಬಾಗಿಲಿನದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ 2008ರದು. ಜುಲೈ 26ರ ಸಂಜೆ ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಗುವುದಕ್ಕೆ ಕೆಲವೇ ನಿಮಿಷ ಮೊದಲು ಟಿವಿ ವಾಹಿನಿಗಳಿಗೆ ಬಂದ ಬೆದರಿಕೆಯ ಇಮೇಲ್, ನವಿ ಮುಂಬಯಿಯ ಸಾನ್ಪಾಡಾದ ಒಂದು ಫ್ಲ್ಯಾಟಿನ ವೈಫೈ ಮೂಲಕ ಹೋಗಿತ್ತು. ಆ ರೌಟರಿಗೆ ಸರಿಯಾದ ಕಾವಲಿರಲಿಲ್ಲ. ಆಗಸ್ಟ್ 23ರ ಇಂಥದ್ದೇ ಇನ್ನೊಂದು ಇಮೇಲಿಗೆ ಮಾಟುಂಗಾದ ಖಾಲ್ಸಾ ಕಾಲೇಜಿನ ಸಂಪರ್ಕ ಬಳಕೆಯಾಯಿತು. ಮೈಸೂರು ಅಸೋಸಿಯೇಷನ್ ಇರುವ, ಮುಂಬಯಿ ಕನ್ನಡಿಗರ ಅರ್ಧ ಆಯುಷ್ಯ ಕಳೆದ ಅದೇ ಮಾಟುಂಗಾ. ಸೆಪ್ಟೆಂಬರ್ 13ರಂದು ದಿಲ್ಲಿಯಲ್ಲಿ ಬಾಂಬು ಸಿಡಿದಾಗ ಬಂದ ಇಮೇಲಿನ ಜಾಡು ಚೆಂಬೂರಿನ ಒಂದು ಕಂಪನಿಯ ವೈಫೈಗೆ ಮುಟ್ಟಿತು. ಮೂರೂ ಕಡೆ ಪೊಲೀಸರು ಮೊದಲು ತಟ್ಟಿದ್ದು ಸಂಬಂಧವೇ ಇಲ್ಲದವರ ಬಾಗಿಲನ್ನು. ರೌಟರನ್ನು ಪೆಟ್ಟಿಗೆಯಿಂದ ತೆಗೆದು, ವೈರು ಚುಚ್ಚಿ, ದೀಪ ಹತ್ತಿಕೊಂಡಿತೆಂದು ಸಮಾಧಾನಪಟ್ಟದ್ದಷ್ಟೇ ಅವರು ಮಾಡಿದ ಕೆಲಸ. ಊರಿಗೆ ಊರೇ ಮಾಡುತ್ತಿದ್ದದ್ದೂ ಅಷ್ಟೇ.

ಅದೇ ದಿನಗಳ ಮುಂಬಯಿಯನ್ನು ಬ್ಯಾಕ್‌ಟ್ರ್ಯಾಕ್ ಪರದೆಯ ಮೇಲೆ ನೋಡಿದವರಿಗೆ ಈ ಸುದ್ದಿಯಲ್ಲಿ ಬೆಚ್ಚಿಬೀಳುವಂಥದ್ದು ಏನೂ ಇರಲಿಲ್ಲ. ವೈಫೈ ಅಡಾಪ್ಟರನ್ನು ಮಾನಿಟರ್ ಮೋಡಿಗೆ ಹಾಕಿ ಏರೋಡಂಪ್ ಎಂಬ ಸಲಕರಣೆಯನ್ನು ಓಡಿಸಿದರೆ ಪರದೆ ಎರಡು ಭಾಗವಾಗುತ್ತದೆ. ಮೇಲಿನ ಭಾಗದಲ್ಲಿ ಸುತ್ತಲಿನ ರೌಟರುಗಳು ಒಂದೊಂದು ಸಾಲಾಗಿ ಬಂದು ಕೂರುತ್ತವೆ. ಕೆಳಗಿನ ಭಾಗದಲ್ಲಿ ಅವಕ್ಕೆ ಅಂಟಿಕೊಂಡ ಫೋನು, ಲ್ಯಾಪ್‌ಟಾಪುಗಳು. ಪ್ರತಿ ಸಾಲಿನ ಮೊದಲಿಗೆ 12 ಅಕ್ಷರ-ಅಂಕಿಗಳ ಯಂತ್ರದ ಗುರುತು, ಪಕ್ಕದಲ್ಲಿ ಋಣ ಚಿಹ್ನೆಯೊಂದಿಗೆ ಸಿಗ್ನಲ್ಲಿನ ಬಲ, ಆಮೇಲೆ ಚಾನೆಲ್ ಸಂಖ್ಯೆ, ಕೊನೆಯಲ್ಲಿ ಯಜಮಾನ ಇಟ್ಟ ಹೆಸರು. ನಡುವೆ ಗೂಢಲಿಪಿಯ ಬಗೆ ಹೇಳುವ, ಮೂರ್ನಾಲ್ಕು ಅಕ್ಷರಗಳ ಒಂದು ಪುಟ್ಟ ಕಂಬಸಾಲು ಇರುತ್ತದೆ. ಕಣ್ಣು ಹೋಗಬೇಕಾದದ್ದು ಅಲ್ಲಿಗೆ. ಡಬ್ಲ್ಯುಪಿಎ ಎಂದಿದ್ದರೆ ಪರವಾಗಿಲ್ಲ. ಡಬ್ಲ್ಯುಇಪಿ ಎಂದಿದ್ದರೆ ಅಪಾಯ; ಆ ಗೂಢಲಿಪಿಯ ಹುಳುಕನ್ನು ಗಣಿತಜ್ಞರು 2001ರಲ್ಲೇ ಬಯಲು ಮಾಡಿದ್ದರು. 2007ರ ಹೊತ್ತಿಗೆ ಅದನ್ನು ಒಡೆಯಲು ಒಂದು ನಿಮಿಷವೂ ಬೇಡ ಎಂಬಲ್ಲಿಗೆ ಬಂದಿತ್ತು. ಓಪಿಎನ್ ಎಂದಿದ್ದರೆ ಒಡೆಯಲು ಏನೂ ಇಲ್ಲ, ಬಾಗಿಲೇ ಇಲ್ಲ. ಇದಕ್ಕೆ ಯಾರ ಮನೆಯೊಳಗೂ ಕಾಲಿಡಬೇಕಾಗಿಲ್ಲ. ರೌಟರು ತಾನಾಗಿ ಸೆಕೆಂಡಿಗೆ ಹತ್ತು ಸಲ ಸಾರಿಕೊಳ್ಳುವ ಮಾತನ್ನು ಕೇಳಿಸಿಕೊಂಡರೆ ಸಾಕು. ಗೋಡೆಗೆ ಗೋಡೆ ತಾಗಿಕೊಂಡ ಸೊಸೈಟಿಗಳ ಈ ಊರಿನಲ್ಲಿ ಒಂದು ಪರದೆಗೆ ನೂರಾರು ಮನೆಯ ಸದ್ದು ಬೀಳುತ್ತದೆ. ದೋಷ ಎಲ್ಲರಿಗೂ ಕಾಣುವಷ್ಟು ಎದ್ದು ನಿಂತಿತ್ತು. ನೋಡುವ ಕೆಲಸ ತನ್ನದೆಂದು ಯಾರೂ ಅಂದುಕೊಂಡಿರಲಿಲ್ಲ ಅಷ್ಟೇ.

ಆಮೇಲೆ ಆದದ್ದು ಇನ್ನೂ ಸ್ವಾರಸ್ಯದ್ದು. 2009ರ ಆರಂಭದಲ್ಲಿ ಮುಂಬಯಿ ಪೊಲೀಸರೇ ಲ್ಯಾಪ್‌ಟಾಪ್ ಹಿಡಿದು ಬೀದಿ ಸುತ್ತಿ ಪಾಸ್‌ವರ್ಡ್ ಇಲ್ಲದ ವೈಫೈ ಪತ್ತೆಹಚ್ಚಿ ಯಜಮಾನರಿಗೆ ನೋಟಿಸ್ ಕೊಡುತ್ತೇವೆಂದು ಹೊರಟರು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಕ್ಕವರುಂಟು. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಹವ್ಯಾಸಿಗಳು ಮಾಡಿದರೆ ಅನುಮಾನದಿಂದ ನೋಡುತ್ತಿದ್ದ ಕೆಲಸವನ್ನು ಸರ್ಕಾರ ತನ್ನ ಕೆಲಸವೆಂದು ಆ ದಿನ ಒಪ್ಪಿಕೊಂಡಿತು. ಊರಿನ ರಕ್ಷಣೆಗೆ ಒಡೆದು ನೋಡುವವನ ಕಣ್ಣು ಬೇಕೆಂದು ಖಾಕಿ ತೊಟ್ಟವರೇ ಸಾರಿದಂತಾಯಿತು. ಆ ಅಭಿಯಾನ ಊರನ್ನೆಲ್ಲ ಮುಟ್ಟಿತೋ ಇಲ್ಲವೋ, 'ನಮ್ಮ ರೌಟರು ತೆರೆದಿದೆಯೆಂದು ಯಾರಿಗೆ ಗೊತ್ತಾಗುತ್ತದೆ' ಎಂಬ ಮಾತು ಮಾತ್ರ ಆಮೇಲೆ ಬಾಯಿಗೆ ಬರುವುದು ಕಷ್ಟವಾಯಿತು.

ಇಲ್ಲಿ ಎದುರುವಾದದ ಜೋರು ಕಡಿಮೆಯೇನಿಲ್ಲ. ಪೊಲೀಸರ ಕೈಗೆ, ತರಬೇತಾದವರ ಕೈಗೆ ಸರಿ, ಹದಿನಾರರ ಹುಡುಗನ ಕೈಗೂ ಈ ಡಿವಿಡಿ ಸಿಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ದಾದರಿನಿಂದ ಠಾಣೆಯವರೆಗೆ 'ಎಥಿಕಲ್ ಹ್ಯಾಕಿಂಗ್' ಕಲಿಸುತ್ತೇವೆಂಬ ಬೋರ್ಡುಗಳು ಎದ್ದಾಗ ಈ ಭಯಕ್ಕೆ ಕಾರಣವೂ ಇತ್ತು. ಆದರೆ ಕಾಲಿಯನ್ನು ಮಾಡುವವರೇ ತಮ್ಮ ಕೈಪಿಡಿಯಲ್ಲಿ, ಲಿನಕ್ಸ್ ಪರಿಚಯವಿಲ್ಲದವರಿಗೆ, ದಿನನಿತ್ಯದ ಬಳಕೆಗೆ ಇದು ತಕ್ಕದ್ದಲ್ಲವೆಂದು ಮುಖಕ್ಕೆ ಹೊಡೆದಂತೆ ಬರೆದಿದ್ದಾರೆ. ಮೆನುವಿನಲ್ಲಿ ನೂರಾರು ಸಲಕರಣೆಗಳಿದ್ದರೂ ನೆಟ್‌ವರ್ಕ್ ಎಂದರೇನೆಂದು ತಿಳಿಯದವನಿಗೆ ಅವು ಉತ್ತರ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಈ ಊರಿನ ಜನ ನಿಜಕ್ಕೂ ದುಡ್ಡು ಕಳೆದುಕೊಳ್ಳುತ್ತಿರುವ ದಾರಿ. ಕೆವೈಸಿ ಮುಗಿದಿದೆ ಎಂಬ ಫೋನು, ಓಟಿಪಿ ಹೇಳಿ ಎಂಬ ಬೇಡಿಕೆ, ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎನ್ನುವ ಮೋಸ, ಶೇರಿನಲ್ಲಿ ದುಪ್ಪಟ್ಟು ಮಾಡಿಕೊಡುವ ವಾಟ್ಸ್ಯಾಪ್ ಗುಂಪು: ಇವಾವುದಕ್ಕೂ ಕಾಲಿ ಬೇಡ. ಒಂದು ಸಿಮ್ ಕಾರ್ಡು, ಸ್ವಲ್ಪ ನಾಲಿಗೆ ಸಾಕು. ಡಿವಿಡಿಯನ್ನು ನಿಷೇಧಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬರುವ ಕರೆಗಳಲ್ಲಿ ಒಂದಾದರೂ ಕಡಿಮೆಯಾದೀತೆಂದು ನಾನು ನಂಬುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಅದಕ್ಕೆ ಸುಲಭದ ಉತ್ತರವಿಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿಧ್ವಂಸಕ ತಂತ್ರಾಂಶ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟಿನೊಳಗೆ ಸೇರಿಕೊಂಡು ಹೊರಟು, ಹಡಗು ಕಂಪನಿ ಮರ್ಸ್ಕನ್ನು ಹಿಡಿದು, ನವಿ ಮುಂಬಯಿಯ ನ್ಹಾವಾ ಶೇವಾದಲ್ಲಿರುವ ಜೆಎನ್‌ಪಿಟಿ ಬಂದರಿನ ಆ ಗುಂಪಿನ ಟರ್ಮಿನಲ್‌ಗೆ ಬಂದು ಮುಟ್ಟಿತು. ಯಾವ ಕಂಟೇನರ್ ಯಾರದೆಂದು ಹೇಳುವ ಕಂಪ್ಯೂಟರೇ ಸತ್ತಮೇಲೆ ಕ್ರೇನುಗಳಿಗೆ ಕೆಲಸವಿಲ್ಲ. ಮರ್ಸ್ಕ್ ಜಗತ್ತಿನಾದ್ಯಂತ 45,000 ಪಿಸಿಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ನಾಟ್‌ಪೆಟ್ಯಾದ ಹೊಟ್ಟೆಯಲ್ಲಿ ಎರಡು ಅಸ್ತ್ರಗಳಿದ್ದವು. ಒಂದು ಎಟರ್ನಲ್‌ಬ್ಲೂ, ಅಮೆರಿಕದ ಗೂಢಚಾರ ಸಂಸ್ಥೆ ಗುಟ್ಟಾಗಿಟ್ಟುಕೊಂಡದ್ದು, ಏಪ್ರಿಲ್‌ನಲ್ಲಿ ಸೋರಿಹೋದದ್ದು. ಇನ್ನೊಂದು ವಿಂಡೋಸ್ ಮೆಮೊರಿಯಿಂದ ಪಾಸ್‌ವರ್ಡುಗಳನ್ನು ಹೆಕ್ಕುವ ವಿದ್ಯೆ, ಮಿಮಿಕ್ಯಾಟ್ಸ್‌ನದು. ಆ ಮಿಮಿಕ್ಯಾಟ್ಸ್ ಪರೀಕ್ಷಕರ ಸಲಕರಣೆ. ಕಾಲಿಯ ಮೆನುವಿನಲ್ಲೇ ಕೂತಿರುವುದು. ಪರೀಕ್ಷಕರು ಬಹಿರಂಗವಾಗಿ ಹಂಚಿದ್ದನ್ನು ಧ್ವಂಸಕರು ಎತ್ತಿಕೊಂಡರು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಹಾಗೆಂದು ಎರಡರ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮಿಮಿಕ್ಯಾಟ್ಸನ್ನು ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಹೊರತಂದದ್ದು 2011ರಲ್ಲಿ, ಮೈಕ್ರೋಸಾಫ್ಟ್ ಆ ದೋಷವನ್ನು ಗಂಭೀರವಾಗಿ ತೆಗೆದುಕೊಳ್ಳದೇ ಇದ್ದ ಮೇಲೆ. ಎಲ್ಲರ ಕಣ್ಣೆದುರು ಅದು ಓಡತೊಡಗಿದ ಮೇಲೆ 2013ರ ವಿಂಡೋಸ್ 8.1ರಲ್ಲಿ ಪಾಸ್‌ವರ್ಡನ್ನು ಬರಿಮೈಯಲ್ಲಿ ಮೆಮೊರಿಯಲ್ಲಿಡುವ ಪದ್ಧತಿ ತಾನಾಗಿ ನಿಲ್ಲುವಂತಾಯಿತು. ಅಂದರೆ ಯಜಮಾನರಿಗೆ ಆರು ವರ್ಷದ ಎಚ್ಚರಿಕೆಯಿತ್ತು. ಗುಟ್ಟಾಗಿಟ್ಟಿದ್ದ ಎಟರ್ನಲ್‌ಬ್ಲೂ ವಿಷಯದಲ್ಲಿ ಸಿಕ್ಕಿದ್ದು 2017ರ ಮಾರ್ಚ್ 14ರ ಪ್ಯಾಚಿನಿಂದ ಜೂನ್‌ವರೆಗಿನ ಮೂರೂವರೆ ತಿಂಗಳು, ನಡುವೆ ಅದನ್ನೇ ಬಳಸಿದ ಮೇ 12ರ ವಾನಾಕ್ರೈ ದಾಳಿ ಬೇರೆ. ಬಹಿರಂಗ ಸಲಕರಣೆಗೆ ಬೆಲೆ ತೆರಬೇಕಾಗುತ್ತದೆ, ಒಪ್ಪಿದೆ. ಗುಟ್ಟಿನ ಸಲಕರಣೆಗೆ ತೆತ್ತ ಬೆಲೆ ಅದಕ್ಕಿಂತ ಕಡಿಮೆ ಎಂದು ತೋರಿಸಿಕೊಟ್ಟವರನ್ನು ನಾನು ಕಾಣೆ.

ಇಷ್ಟರ ನಡುವೆ ಪರೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಮುಂಬಯಿಯಲ್ಲಿ ಹೆಚ್ಚುಕಡಿಮೆ ಮುಗಿಯಿತು, ಮುಗಿಸಿದ್ದು ನಿಯಂತ್ರಕರು. ಸೆಬಿ 2015ರ ಜುಲೈನಲ್ಲಿ ಶೇರು ವಿನಿಮಯ ಕೇಂದ್ರಗಳಿಗೂ, 2018ರ ಡಿಸೆಂಬರಿನಲ್ಲಿ ದಲಾಲರಿಗೂ ಸೈಬರ್ ಭದ್ರತೆಯ ನಿಯಮ ಹಾಕಿತು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಸೈಬರ್ ದಾಳಿಯಲ್ಲಿ 8.1 ಕೋಟಿ ಡಾಲರ್ ಹಾರಿಹೋದ ವರ್ಷವೇ, 2016ರ ಜೂನ್ 2ರಂದು, ರಿಸರ್ವ್ ಬ್ಯಾಂಕಿನ ಇಂಥದ್ದೇ ಸುತ್ತೋಲೆ ಬ್ಯಾಂಕುಗಳಿಗೆ ಬಂತು. 2018ರ ಆಗಸ್ಟಿನಲ್ಲಿ ಪುಣೆಯ ಒಂದು ಸಹಕಾರಿ ಬ್ಯಾಂಕಿನಿಂದ ಎರಡು-ಮೂರು ದಿನದಲ್ಲಿ, 28 ದೇಶಗಳ ಎಟಿಎಂಗಳ ಮೂಲಕವೂ ಸೇರಿದಂತೆ, ಸುಮಾರು 94 ಕೋಟಿ ರೂಪಾಯಿ ಹೋಯಿತು. ಅದೇ ವರ್ಷದ ಅಕ್ಟೋಬರ್ 19ರಂದು ನಗರ ಸಹಕಾರಿ ಬ್ಯಾಂಕುಗಳಿಗೂ ನಿಯಮಗಳು ಬಂದವು. ಮುಂಬಯಿ ಕನ್ನಡಿಗನಿಗೆ ಇದು ದೂರದ ಸುದ್ದಿಯಲ್ಲ. ಶಾಮರಾವ್ ವಿಠ್ಠಲ್, ಮೊಗವೀರ, ಭಾರತ್ ಮುಂತಾದ ಸಹಕಾರಿ ಬ್ಯಾಂಕುಗಳು ಕರಾವಳಿಯಿಂದ ಬಂದ ಸಮುದಾಯಗಳು ಈ ಊರಿನಲ್ಲಿ ಕಟ್ಟಿಕೊಂಡವು. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಮಿಲ್ಲಿನಲ್ಲಿ ದುಡಿದವರ ಉಳಿತಾಯ ಅಲ್ಲಿಂದ ಶುರುವಾದದ್ದು. ಇಂಥ ಬ್ಯಾಂಕಿಗೆ ದೊಡ್ಡ ಬ್ಯಾಂಕಿನಂತೆ ನೂರು ಜನರ ಭದ್ರತಾ ತಂಡ ಸಾಕಲು ಆಗದು. ಬಿಟ್ಟಿಯಾಗಿ ಸಿಗುವ, ಮುಚ್ಚುಮರೆಯಿಲ್ಲದ ಸಲಕರಣೆ ಯಾರಿಗಾದರೂ ಬೇಕಾಗಿದ್ದರೆ ಇವರಿಗೇ.

ಆದರೆ ಕಡ್ಡಾಯವಾದ ಮೇಲೆ ಪರೀಕ್ಷೆ ವರ್ಷಕ್ಕೊಮ್ಮೆಯ ತಿಥಿಯಾಯಿತು ಎಂಬ ಟೀಕೆಯಿದೆ, ಅದರಲ್ಲಿ ಹುರುಳಿದೆ. ಪರೀಕ್ಷೆಗೆ ಕೊಡುವ ಐಪಿ ವಿಳಾಸಗಳ ಪಟ್ಟಿಯಿಂದ ಹಳೆಯ, ಹುಳುಕಿನ ಸರ್ವರನ್ನೇ ಬಿಡುವುದು. ಸ್ಕ್ಯಾನರ್ ಉಗುಳಿದ ಇನ್ನೂರು ಪುಟದ ಪಿಡಿಎಫಿಗೆ ಮುಖಪುಟ ಅಂಟಿಸಿ ವರದಿಯೆನ್ನುವುದು. ಕಡಿಮೆ ಟೆಂಡರಿನವನಿಗೆ ಕೆಲಸ ಕೊಟ್ಟು ಎರಡೇ ದಿನದಲ್ಲಿ ಮುಗಿಸಿ ಎನ್ನುವುದು. 'ಗಂಭೀರ' ಎಂದು ಬರೆದದ್ದನ್ನು 'ಮಧ್ಯಮ' ಮಾಡಿ ಎಂದು ಫೋನು ಮಾಡುವುದು. ಮುಂದಿನ ವರ್ಷ ಅದೇ ದೋಷ ಅದೇ ಕ್ರಮಸಂಖ್ಯೆಯೊಂದಿಗೆ ಮತ್ತೆ ಬಂದು ಕೂರುವುದು. ಈ ಕೆಲಸದಲ್ಲಿ ಇದ್ದವರಿಗೆಲ್ಲ ಇವು ಗೊತ್ತು. ನನ್ನ ಅಭಿಪ್ರಾಯದಲ್ಲಿ ಇದು ನಾನು ಹೇಳುತ್ತಿರುವುದಕ್ಕೆ ವಿರುದ್ಧದ ಸಾಕ್ಷಿಯಲ್ಲ, ಪೂರಕವೇ. ಹಳೆಯ ಸಬೂಬುಗಳು ಬಾಯಿಂದ ಬರಲಾಗದ ಮೇಲೆ ಕಾಗದದ ರೂಪ ತಾಳಿದವು. ಅವನ್ನು ಕಾಗದದ ಮೇಲೂ ಮುರಿಯಬಹುದು, ಅದಕ್ಕೂ ಇದೇ ದಾರಿ. ವರದಿಯಲ್ಲಿ ಸರ್ವರಿನ ಹೆಸರು, ದೋಷದ ಸಂಖ್ಯೆ ಇದ್ದರೆ, ನಿರ್ದೇಶಕ ಮಂಡಳಿಯ ಯಾವ ಸದಸ್ಯನಾದರೂ ಬೇರೊಬ್ಬ ಪರೀಕ್ಷಕನನ್ನು ಕೂರಿಸಿ, ಅದೇ ಎನ್‌ಮ್ಯಾಪ್‌ನಿಂದ ಅದೇ ಸಾಲನ್ನು ಓಡಿಸಿ ಅದು ಸರಿಹೋಗಿದೆಯೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ಯಾವುದೋ ಕಂಪನಿಯ ಗುಟ್ಟಿನ ಪೆಟ್ಟಿಗೆ ಕೊಟ್ಟ ಅಂಕಕ್ಕೆ ಆ ಗುಣವಿಲ್ಲ. ಕೇಳುವ ನಿರ್ದೇಶಕರು ಎಷ್ಟು ಜನ ಎನ್ನುವುದು ಬೇರೆ ಮಾತು.

ಉಳಿದದ್ದು ಅಪ್ಪಣೆಯ ಪ್ರಶ್ನೆ. ಮೊದಲು ಹೇಳಿದ 'ಇಟ್ಟುಕೊಳ್ಳುವುದೇ ಅಪರಾಧವಲ್ಲವೇ' ಎಂಬುದಕ್ಕೆ ನಮ್ಮ ಕಾನೂನಿನ ಉತ್ತರ ಸ್ಪಷ್ಟ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ನೋಡುವುದು ಲ್ಯಾಪ್‌ಟಾಪಿನಲ್ಲಿ ಏನಿದೆ ಎನ್ನುವುದನ್ನಲ್ಲ. ಯಜಮಾನನ ಅಥವಾ ಉಸ್ತುವಾರಿಯವನ ಅಪ್ಪಣೆಯಿಲ್ಲದೆ ಅವನ ಕಂಪ್ಯೂಟರನ್ನು ಮುಟ್ಟಿದಿರೋ ಎನ್ನುವುದನ್ನು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. 'ಸಂರಕ್ಷಿತ ವ್ಯವಸ್ಥೆ' ಎಂದು ಘೋಷಿಸಿದ್ದನ್ನು ಮುಟ್ಟಿದರೆ 70ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ; ಯುಪಿಐ ನಡೆಸುವ ಎನ್‌ಪಿಸಿಐನ ವ್ಯವಸ್ಥೆಗಳು 2022ರಿಂದ ಆ ಪಟ್ಟಿಯಲ್ಲಿವೆ. ಹಾಗಾಗಿ ಪರೀಕ್ಷಕನ ಚೀಲದಲ್ಲಿ ಅಡಾಪ್ಟರಿಗಿಂತ ಮುಖ್ಯವಾದ ವಸ್ತು ಒಂದು ಪತ್ರ: ಯಾವ ಐಪಿಗಳು, ಯಾವ ದಿನಾಂಕ, ರಾತ್ರಿ ಎಷ್ಟರಿಂದ ಎಷ್ಟರವರೆಗೆ, ಏನಾದರೂ ಕುಸಿದರೆ ಯಾರಿಗೆ ಫೋನು, ಕೆಳಗೆ ಸಹಿ-ಮೊಹರು. ಇಷ್ಟರವರೆಗೆ ಕಾನೂನು ಸರಿಯಾಗಿಯೇ ಇದೆ. ತೊಡಕಿರುವುದು ಯಜಮಾನ ಅಪ್ಪಣೆ ಕೊಡಲೊಲ್ಲೆ ಎಂದಾಗ. 2010ರ ಆಗಸ್ಟ್ 21ರಂದು ಮುಂಬಯಿ ಪೊಲೀಸರು ಹೈದರಾಬಾದಿಗೆ ಹೋಗಿ ಹರಿ ಪ್ರಸಾದ್ ಎಂಬ ಎಂಜಿನಿಯರನ್ನು ಬಂಧಿಸಿ ಇಲ್ಲಿಗೆ ತಂದರು. ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್, ನೆದರ್‌ಲೆಂಡಿನ ರಾಪ್ ಗೊಂಗ್ರೈಪ್ ಜೊತೆ ಸೇರಿ ಅವರು ವಿದ್ಯುನ್ಮಾನ ಮತಯಂತ್ರವೊಂದನ್ನು ಬಿಚ್ಚಿ, ಅದನ್ನು ತಿದ್ದಬಹುದೆಂದು ತೋರಿಸಿದ್ದರು. ಯಂತ್ರ ಮುಂಬಯಿಯ ಸರ್ಕಾರಿ ದಾಸ್ತಾನಿನಿಂದ ಕಳವಾದದ್ದೆಂಬುದು ಆರೋಪ. ಒಂದು ವಾರದ ಮೇಲೆ ಜಾಮೀನು ಸಿಕ್ಕಿತು. ಸರ್ಕಾರಿ ಯಂತ್ರ ಕಾಣೆಯಾದರೆ ವಿಚಾರಣೆಯಾಗಬೇಕಾದದ್ದೇ. ಸಂಶೋಧನೆಯೆಂದ ಮಾತ್ರಕ್ಕೆ ಯಾವ ಮಾಲೂ ಶುದ್ಧವಾಗುವುದಿಲ್ಲ. ಆದರೆ ಪರೀಕ್ಷೆಗೆ ಯಂತ್ರ ಕೊಡಿ ಎಂಬ ಕೋರಿಕೆಗೆ ನೇರ ದಾರಿಯೊಂದು ಇದ್ದಿದ್ದರೆ ಗುಪ್ತವಾಗಿ ಬಂದ ಯಂತ್ರದ ಪ್ರಸಂಗವೇ ಹುಟ್ಟುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಈಗ ದೋಷ ಕಂಡವರು ತಿಳಿಸಲು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಗಳಾದ ಸರ್ಟ್-ಇನ್ ಮತ್ತು ಎನ್‌ಸಿಐಐಪಿಸಿಯಲ್ಲಿ ವ್ಯವಸ್ಥೆಯಿದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವನ ಮೇಲೆ ದಾವೆ ಹೂಡುವುದಿಲ್ಲ ಎಂಬ ಅಭಯ ಮಾತ್ರ ಕಾಯ್ದೆಯಲ್ಲಿ ಇನ್ನೂ ಬರೆದಿಲ್ಲ.

2020ರ ಅಕ್ಟೋಬರ್ 12ರ ಕತೆ ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತದೆ. ಅಂದು ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಒಮ್ಮೆಲೇ ಕರೆಂಟು ಹೋಯಿತು. ಲೋಕಲ್ಲುಗಳು ಹಳಿಯ ಮೇಲೆಯೇ ನಿಂತವು, ಕೋವಿಡ್ ಕಾಲದ ಆಸ್ಪತ್ರೆಗಳು ಜನರೇಟರಿಗೆ ಇಳಿದವು. ಕಳ್ವಾ-ಪಡ್ಘಾ ಮಾರ್ಗದ 400 ಕೆವಿ ಲೈನುಗಳು ಟ್ರಿಪ್ ಆದವೆಂಬುದು ಆಗಿನ ವಿವರಣೆ. 2021ರ ಫೆಬ್ರವರಿ ಕೊನೆಗೆ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಸಂಸ್ಥೆ, ಭಾರತದ ವಿದ್ಯುತ್ ಜಾಲಗಳ ಮೇಲೆ ಚೀನಾ ಕಡೆಯ ಗುಂಪೊಂದು ಕಣ್ಣಿಟ್ಟಿದೆಯೆಂದು ವರದಿ ಮಾಡಿತು. ಮಾರ್ಚ್ 1ರಂದು ರಾಜ್ಯದ ಗೃಹಮಂತ್ರಿ ಅನಿಲ್ ದೇಶ್‌ಮುಖ್, ವಿದ್ಯುತ್ ಮಂಡಳಿಯ ಸರ್ವರುಗಳಲ್ಲಿ 14 ಟ್ರೋಜನ್‌ಗಳಿದ್ದವು, ವಿಧ್ವಂಸಕ ಕೃತ್ಯವಿರಬಹುದು ಎಂದರು. ಕೇಂದ್ರದ ವಿದ್ಯುತ್ ಮಂತ್ರಿ ಆರ್. ಕೆ. ಸಿಂಗ್, ಅದು ಮನುಷ್ಯರ ತಪ್ಪಿನಿಂದಾದದ್ದು, ಸೈಬರ್ ದಾಳಿಗೆ ಸಾಕ್ಷಿಯಿಲ್ಲ ಎಂದರು. ಕಚೇರಿಯ ಸರ್ವರಿನಲ್ಲಿ ಟ್ರೋಜನ್ ಇದ್ದದ್ದಕ್ಕೂ ಲೈನು ಟ್ರಿಪ್ ಆದದ್ದಕ್ಕೂ ಸಂಬಂಧ ಕಲ್ಪಿಸಬೇಕಾದರೆ ನಡುವಿನ ಪ್ರತಿ ಮೆಟ್ಟಿಲಿನ ಲಾಗ್, ಅಂದರೆ ಯಂತ್ರ ಬರೆದಿಟ್ಟ ದಾಖಲೆ, ಬೇಕು. ಅದು ಇಲ್ಲದೆ ಎರಡೂ ಮಾತು ರಾಜಕೀಯವೇ. ಪರೀಕ್ಷಕನ ಡಿಸ್ಕಿಗೆ ಈ ಊರು ಕೊಡದೇ ಹೋದ ಇನ್ನೊಂದು ಕೆಲಸ ಇಲ್ಲಿ ಕಾಣುತ್ತದೆ. ಕಾಲಿ ಏಳುವಾಗ ಬರುವ ಮೆನುವಿನಲ್ಲಿ ಫೊರೆನ್ಸಿಕ್ ಮೋಡ್ ಎಂಬ ಸಾಲಿದೆ. ಅದನ್ನು ಆರಿಸಿದರೆ ಯಂತ್ರದ ಯಾವ ಡಿಸ್ಕನ್ನೂ ಅದು ತಾನಾಗಿ ಜೋಡಿಸಿಕೊಳ್ಳುವುದಿಲ್ಲ, ಸ್ವಾಪ್ ಜಾಗವನ್ನೂ ಮುಟ್ಟುವುದಿಲ್ಲ. ಸಾಕ್ಷಿ ಕೆಡದಂತೆ ಬಿಟ್‌ನಿಂದ ಬಿಟ್ ನಕಲು ತೆಗೆಯಲು ಅದು ಇರುವುದು. ದಾಳಿಯ ಸಲಕರಣೆಗಳ ಬಗ್ಗೆ ಇಷ್ಟೆಲ್ಲ ಗುಲ್ಲೆಬ್ಬಿಸುವ ನಾವು ಆ ಒಂದು ಸಾಲನ್ನು ಓದುವುದೇ ಇಲ್ಲ. ಲಾಗ್ ಉಳಿಸಬೇಕೆಂಬ ನಿಯಮವೂ ತಡವಾಗಿಯೇ ಬಂತು: 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗನ್ನು ದೇಶದೊಳಗೇ ಇಟ್ಟಿರಬೇಕು ಎನ್ನುತ್ತದೆ. 2023ರ ಮಾರ್ಚಿನಲ್ಲಿ ಕಾಲಿಯವರೂ ಕಾವಲಿನ ಕಡೆಯವರಿಗೆಂದೇ ಕಾಲಿ ಪರ್ಪಲ್ ಎಂಬ ಕವಲು ತೆಗೆದರು. ಇವೆರಡೂ 2020ಕ್ಕಿಂತ ಮೊದಲೇ ಬಂದಿದ್ದರೆ, ಆ ಇಬ್ಬರು ಮಂತ್ರಿಗಳಲ್ಲಿ ಒಬ್ಬರಾದರೂ ತಮ್ಮ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು.